ಫ್ಯಾರಡೆಗೂ ಇಂಗ್ಲಿಷ್ ಕಷ್ಟವಾಗಿತ್ತು

ಹೋದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ದ್ವಿತೀಯ ಪಿಯು ಸೈನ್ಸಿನ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಟಿಸಿ ಬೇಕಂತೆ. ಬೇರೆ ಊರಲ್ಲಿ ಆರ್ಟ್ಸ್‌ಗೆ ಮತ್ತೆ ಮೊದಲ ವರ್ಷದಿಂದ ಸೇರಿಕೊಳ್ಳುತ್ತಾಳಂತೆ, ಅಪ್ಪನೂ ಒಪ್ಪಿದ್ದಾರಂತೆ. ಒಂದು ವರ್ಷ ಹೋದರೆ ಹೋಗಲಿ, ಈ ಇಂಗ್ಲಿಷ್ ಪುಸ್ತಕ ತನ್ನ ಕೈಲಿ ಆಗಲ್ಲ ಅನ್ನೋದು ಅವಳ ತೀರ್ಮಾನ.

ನಾನು ಫಿಸಿಕ್ಸ್ ಪಾಠ ಮಾಡುವವಳು. ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲಿ ಓದಿ, ಒಳ್ಳೆ ಮಾರ್ಕ್ಸ್ ತಗೊಂಡು ಸೈನ್ಸಿಗೆ ಬಂದು, ಹೀಗೆ ಅರ್ಧದಲ್ಲಿ ಎದ್ದು ಹೋದವರನ್ನು ಪ್ರತಿ ವರ್ಷ ನೋಡುತ್ತೇನೆ. ಆ ದಿನ ಮಾತ್ರ ಯಾಕೋ ಅರ್ಜಿಗೆ ಸಹಿ ಹಾಕುವ ಮೊದಲು ಪುಸ್ತಕ ತೆಗೆಸಿದೆ. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದ ಮೊದಲ ಪ್ರಯೋಗವನ್ನು ಓದು ಅಂದೆ. ಒಂದು ಕಡೆಯೂ ತಡವರಿಸದೆ ಓದಿದಳು. ಉಚ್ಚಾರಣೆಯೂ ಚೆನ್ನಾಗಿತ್ತು. ಏನು ಅರ್ಥವಾಯಿತು ಅಂತ ಕೇಳಿದೆ. ತಲೆ ತಗ್ಗಿಸಿದಳು. ಪುಸ್ತಕ ಮುಚ್ಚಿಸಿ, ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತ ನೂಕಿದರೆ ಏನಾಗುತ್ತೆ ಅಂತ ಕನ್ನಡದಲ್ಲಿ ಕೇಳಿದೆ. ಮುಳ್ಳು ಅಲ್ಲಾಡುತ್ತೆ, ಅಯಸ್ಕಾಂತ ಸುಮ್ಮನಿದ್ದರೆ ಮುಳ್ಳೂ ಸುಮ್ಮನಿರುತ್ತೆ, ಹೊರಗೆಳೆದರೆ ಆ ಕಡೆಗೆ ತಿರುಗುತ್ತೆ ಅಂತ ಪಟಪಟನೆ ಹೇಳಿದಳು. ಹೈಸ್ಕೂಲಲ್ಲಿ ಮೇಷ್ಟ್ರು ಮಾಡಿ ತೋರಿಸಿದ್ದರಂತೆ.

ಅಂದರೆ ಆ ಪುಟದಲ್ಲಿದ್ದ ವಿಷಯ ಅವಳಿಗೆ ಪೂರ್ತಿ ಗೊತ್ತಿತ್ತು. ಆದರೂ ಪುಟ ಅರ್ಥವಾಗಿರಲಿಲ್ಲ.

ಆ ಪ್ರಯೋಗವನ್ನು ಮೊದಲು ಮಾಡಿದ ಮನುಷ್ಯನ ಕತೆಯನ್ನು ಅವತ್ತು ಅವಳಿಗೆ ಹೇಳಿದೆ. ಮೈಕೆಲ್ ಫ್ಯಾರಡೆಯ ಹೆಸರು ಸೈನ್ಸ್ ಓದಿದವರಿಗೆಲ್ಲ ಗೊತ್ತು. ಬಡವನ ಮಗ, ಕಷ್ಟಪಟ್ಟು ಮೇಲೆ ಬಂದ ಅನ್ನುವ ಒಂದು ಸಾಲೂ ಗೊತ್ತಿರುತ್ತೆ. ನನಗೆ ಆ ಸಾಲು ಅಷ್ಟಾಗಿ ಹಿಡಿಸಲ್ಲ. ಇಂಗ್ಲಿಷ್ ಮನೆಮಾತಾಗಿದ್ದ ಈ ಹುಡುಗ ಇಂಗ್ಲಿಷಿನಲ್ಲಿ ವಿಜ್ಞಾನ ಓದೋದನ್ನು ಎಷ್ಟು ವರ್ಷ, ಎಷ್ಟು ಜನರ ಹತ್ತಿರ ಕಲಿತ ಅನ್ನೋದನ್ನು ಯಾರೂ ಹೇಳಲ್ಲ. ನನ್ನ ಆಸಕ್ತಿ ಇರೋದು ಅಲ್ಲಿ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ತೆಂಕಣ ಅಂಚಿನ ನ್ಯೂಯಿಂಗ್ಟನ್‌ನಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಆರೋಗ್ಯ ಕೆಟ್ಟು ದಿನವಿಡೀ ಸುತ್ತಿಗೆ ಎತ್ತಲಾರದ ಕಮ್ಮಾರ. 1801ರಲ್ಲಿ ಧಾನ್ಯದ ಬೆಲೆ ಗಗನಕ್ಕೇರಿದಾಗ ಈ ಹುಡುಗನ ಪಾಲಿಗೆ ವಾರಕ್ಕೆ ಒಂದು ಬ್ರೆಡ್ಡು, ಅದನ್ನೇ ಏಳು ದಿನ ಹಂಚಿಕೊಂಡು ತಿನ್ನಬೇಕಿತ್ತು. ಸ್ಕೂಲು ಅಂದರೆ ಓದು, ಬರಹ, ಸ್ವಲ್ಪ ಲೆಕ್ಕ, ಅಷ್ಟೇ. ಅವನಿಗೆ 'ರ' ಅನ್ನೋ ಅಕ್ಷರ ಹೊರಳುತ್ತಿರಲಿಲ್ಲ. ಅಣ್ಣ ರಾಬರ್ಟನ ಹೆಸರನ್ನೇ ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. ಇದಕ್ಕೆ ಸಿಟ್ಟಾದ ಟೀಚರು ತಮ್ಮನಿಗೆ ಹೊಡೆಯಲು ಬೆತ್ತ ತಗೊಂಡು ಬಾ ಅಂತ ಅಣ್ಣನ ಕೈಗೇ ಕಾಸು ಕೊಟ್ಟು ಕಳಿಸಿದರಂತೆ. ಅಣ್ಣ ಬೆತ್ತ ತರದೆ ಅಮ್ಮನಿಗೆ ಹೇಳಿದ. ಅಮ್ಮ ಇಬ್ಬರನ್ನೂ ಆ ಸ್ಕೂಲು ಬಿಡಿಸಿದಳು. ಅವನ ಜೀವನಚರಿತ್ರೆ ಬರೆದವರು ಹೇಳುವ ಕತೆ ಇದು. ನಮ್ಮಲ್ಲಿ ಸ, ಶ, ಷ ಹೇಳಿಸಿ ನಗುವ ಮೇಷ್ಟರ ನೆನಪು ಎಷ್ಟು ಜನಕ್ಕಿಲ್ಲ ಹೇಳಿ.

1804ರಲ್ಲಿ, ಹದಿಮೂರರ ವಯಸ್ಸಿಗೆ, ಜಾರ್ಜ್ ರಿಬೋ ಅನ್ನುವವರ ಪುಸ್ತಕದಂಗಡಿಗೆ ಓಡಾಟದ ಹುಡುಗನಾಗಿ ಸೇರಿದ. ಆಗ ಪೇಪರು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ, ಬಾಡಿಗೆಗೆ ತರಿಸಿಕೊಂಡು ಓದುತ್ತಿದ್ದರು. ಒಂದು ಮನೆಗೆ ಕೊಟ್ಟು, ಓದಿದ ಮೇಲೆ ವಾಪಸು ತಗೊಂಡು ಇನ್ನೊಂದು ಮನೆಗೆ ಕೊಡುವುದು ಅವನ ಕೆಲಸ. ಮರುವರ್ಷ ಅಲ್ಲೇ ಬೈಂಡಿಂಗ್ ಕಲಿಯಲು ಏಳು ವರ್ಷದ ಅಪ್ರೆಂಟಿಸ್ ಆದ. ಆ ಕಾಲದಲ್ಲಿ ಕಸುಬು ಕಲಿಯಲು ಬಂದವರೇ ದುಡ್ಡು ಕಟ್ಟುವುದು ರೂಢಿ. ಹುಡುಗನ ನಿಯತ್ತು ನೋಡಿದ್ದ ರಿಬೋ ಒಂದು ಕಾಸೂ ಕೇಳಲಿಲ್ಲ. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಓದಬೇಡ ಅಂತಲೂ ಹೇಳಲಿಲ್ಲ.

ಹೀಗೆ ಕೈಗೆ ಬಂದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಒಂದು ಸಂಪುಟದಲ್ಲಿ ವಿದ್ಯುತ್ತಿನ ಮೇಲಿನ ಉದ್ದದ ಲೇಖನ ಸಿಕ್ಕಿತು. ಓದಿ ಸುಮ್ಮನಾಗದೆ ಬಾಟಲಿ, ಮರದ ಚೂರು ಜೋಡಿಸಿ ಒಂದು ಪುಟ್ಟ ವಿದ್ಯುತ್ ಯಂತ್ರವನ್ನೇ ಮಾಡಿಕೊಂಡ. ಆದರೆ ಅವನನ್ನು ನಿಜವಾಗಿ ಎತ್ತಿ ನಿಲ್ಲಿಸಿದ್ದು ಇನ್ನೊಂದು ಪುಸ್ತಕ. ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಸಂಭಾಷಣೆಗಳು.

ಈ ಹೆಂಗಸಿನ ವಿಷಯ ಸ್ವಲ್ಪ ಹೇಳಲೇಬೇಕು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಅನ್ನುವ ಹೆಸರಾಂತ ರಸಾಯನಶಾಸ್ತ್ರಜ್ಞನ ಉಪನ್ಯಾಸ ಅಂದರೆ ಆಗ ಜನ ಮುಗಿಬೀಳುತ್ತಿದ್ದರು. ಮಾರ್ಸೆಟ್ ಅನುಕೂಲಸ್ಥರ ಮನೆಯವಳು, ಓದಿದವಳು. ಆಕೆಯೂ ಹೋಗಿ ಕೂತಳು. ಕೇಳಿದ್ದು ತಲೆಗೆ ಹತ್ತಲಿಲ್ಲ. ಆಮೇಲೆ ಸ್ನೇಹಿತರೊಬ್ಬರ ಜೊತೆ ಅದೇ ವಿಷಯ ಮಾತಾಡುತ್ತಾ, ಪ್ರಯೋಗ ಮಾಡಿ ನೋಡುತ್ತಾ ಹೋದಾಗ ತಿಳಿಯಿತು. ಎರಡನೇ ಸಲ ಉಪನ್ಯಾಸಕ್ಕೆ ಹೋದಾಗ ಮೊದಲು ಕಾಣದ್ದೆಲ್ಲ ಕಂಡಿತು. ನನಗೆ ಹೀಗೆ ಅರ್ಥವಾಗಿದ್ದರೆ ಬೇರೆಯವರಿಗೂ ಹೀಗೇ ಆಗಬಹುದಲ್ಲ ಅಂದುಕೊಂಡು ಪುಸ್ತಕವನ್ನೇ ಮಾತುಕತೆಯ ರೂಪದಲ್ಲಿ ಬರೆದಳು. ಒಬ್ಬ ಟೀಚರು, ಇಬ್ಬರು ಹುಡುಗಿಯರು. ಒಬ್ಬಳು ಶ್ರದ್ಧೆಯವಳು, ಇನ್ನೊಬ್ಬಳಿಗೆ ಬೇಗ ಬೋರಾಗುತ್ತೆ, ಅಡ್ಡ ಪ್ರಶ್ನೆ ಹಾಕುತ್ತಾಳೆ. 1806ರ ಹೊತ್ತಿಗೆ ಬಂದ ಈ ಪುಸ್ತಕದ ಮೇಲೆ ಹಲವು ದಶಕ ಆಕೆಯ ಹೆಸರೇ ಇರಲಿಲ್ಲ.

ಬೈಂಡಿಂಗ್ ಅಂಗಡಿಯ ಹುಡುಗ ಇದನ್ನು ಓದಿದ ರೀತಿ ನೋಡಿ. ಪುಸ್ತಕ ಹೇಳಿದ್ದನ್ನು ನಂಬಿ ಮುಂದೆ ಹೋಗಲಿಲ್ಲ. ಚಿಲ್ಲರೆ ಕಾಸಿಗೆ ಸಿಗುವ ಸಾಮಾನು ತಂದು, ಅದರಲ್ಲಿ ಹೇಳಿದ್ದು ನಿಜವೇ ಅಂತ ತನಗೆ ಎಟುಕುವ ಮಟ್ಟಿಗೆ ಮಾಡಿ ನೋಡಿದ. ನಿಜವಾಗಿತ್ತು. ಆ ಪುಸ್ತಕ ತನಗೆ ಅರ್ಥವಾಗುತ್ತಿದೆ ಅನ್ನುವ ಧೈರ್ಯ ಅವನಿಗೆ ಬಂದದ್ದು ಅಲ್ಲಿಂದ. ವಯಸ್ಸಾದ ಮೇಲೂ ಇದನ್ನು ನೆನೆಯುತ್ತಿದ್ದ. ತನ್ನ ಪ್ರಬಂಧ ಅಚ್ಚಾದಾಗ ಆಕೆಗೊಂದು ಪ್ರತಿ ಕಳಿಸಿಕೊಡುತ್ತಿದ್ದ.

ಕಾಂಪ್ರಹೆನ್ಷನ್ ಅಂತ ನಾವು ಕ್ಲಾಸಿನಲ್ಲಿ ಏನು ಮಾಡಿಸುತ್ತೇವೆ? ಒಂದು ಪ್ಯಾರಾ, ಕೆಳಗೆ ಐದು ಪ್ರಶ್ನೆ. ಪ್ರಶ್ನೆಯಲ್ಲಿರುವ ಪದವನ್ನು ಪ್ಯಾರಾದಲ್ಲಿ ಹುಡುಕಿ, ಆ ಸಾಲನ್ನು ಹಾಗೇ ಎತ್ತಿ ಬರೆದರೆ ಮಾರ್ಕ್ಸ್. ಏನೂ ಅರ್ಥವಾಗದೆ ಐದಕ್ಕೆ ಐದು ತಗೊಳ್ಳಬಹುದು. ನಾನೇ ತಗೊಂಡಿದ್ದೇನೆ.

ಫ್ಯಾರಡೆಗೆ ಸಿಕ್ಕ ಇನ್ನೊಂದು ಪುಸ್ತಕ ಐಸಾಕ್ ವಾಟ್ಸ್ ಅನ್ನುವ ಪಾದ್ರಿಯದ್ದು. ಮನಸ್ಸನ್ನು ಉತ್ತಮಪಡಿಸಿಕೊಳ್ಳುವುದು ಹೇಗೆ ಅಂತ 1741ರಲ್ಲಿ ಬಂದದ್ದು. ಕಣ್ಣಾರೆ ನೋಡುವುದು, ಓದುವುದು, ಉಪನ್ಯಾಸ ಕೇಳುವುದು, ಮಾತುಕತೆ, ಒಬ್ಬರೇ ಕೂತು ಯೋಚಿಸುವುದು, ಈ ಐದೂ ಬೇಕು ಅನ್ನುತ್ತದೆ ಅದು. ಈಗಿನ ಸೆಲ್ಫ್ ಹೆಲ್ಪ್ ಪುಸ್ತಕಗಳ ಮುತ್ತಜ್ಜ ಅಂತ ನಾವು ತಮಾಷೆ ಮಾಡಬಹುದು. ಹುಡುಗ ಮಾತ್ರ ಅದನ್ನು ಅಕ್ಷರಶಃ ಪಾಲಿಸಿದ. 1809ರಲ್ಲಿ ಒಂದು ನೋಟ್‌ಬುಕ್ ಶುರು ಮಾಡಿ, ಪೇಪರು, ಮ್ಯಾಗಜೀನುಗಳಲ್ಲಿ ಕಂಡ ವಿಜ್ಞಾನದ ಸುದ್ದಿಗಳನ್ನೆಲ್ಲ ಬರೆದಿಟ್ಟುಕೊಂಡ. ಪತ್ರ ಬರೆದು ಚರ್ಚೆ ಮಾಡಲು ಬೆಂಜಮಿನ್ ಅಬಟ್ ಅನ್ನುವ ಗೆಳೆಯನನ್ನು ಹಿಡಿದುಕೊಂಡ. ತಿಳಿದದ್ದನ್ನು ಇನ್ನೊಬ್ಬನಿಗೆ ತಿಳಿಯುವ ಹಾಗೆ ಬರೆಯಲೇಬೇಕಾದ ಇಕ್ಕಟ್ಟಿಗೆ ತನ್ನನ್ನೇ ಸಿಕ್ಕಿಸಿಕೊಂಡ ಅನ್ನಿ.

1810ರಿಂದ ಜಾನ್ ಟೇಟಮ್ ಅನ್ನುವವರು ತಮ್ಮ ಮನೆಯಲ್ಲೇ ಕೊಡುತ್ತಿದ್ದ ಸಂಜೆಯ ಉಪನ್ಯಾಸಗಳಿಗೆ ಹೋಗತೊಡಗಿದ. ಒಂದಕ್ಕೆ ಒಂದು ಶಿಲ್ಲಿಂಗ್. ಅವನ ಹತ್ತಿರ ಎಲ್ಲಿತ್ತು? ಕೊಟ್ಟಿದ್ದು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ, ಅದೇ ಹೆಸರು ಹೇಳಲು ಬಾರದ ರಾಬರ್ಟ್.

ಅವನು ನೋಟ್ಸ್ ಮಾಡುತ್ತಿದ್ದ ಕ್ರಮ ನನಗೆ ಬಲು ಇಷ್ಟ. ಉಪನ್ಯಾಸದಲ್ಲಿ ಕೂತಾಗ ಬರೀ ಮುಖ್ಯ ಪದಗಳು, ತುಂಡು ವಾಕ್ಯಗಳು. ಮನೆಗೆ ಬಂದು ಅವನ್ನು ಹಿಡಿದು ಇನ್ನಷ್ಟು ವಿವರವಾದ ಎರಡನೇ ನೋಟ್ಸ್. ಅದಾದ ಮೇಲೆ ಪೂರ್ತಿ ಉಪನ್ಯಾಸವನ್ನು ತನ್ನ ಮಾತಿನಲ್ಲಿ ಮೊದಲಿಂದ ಬರೆಯುವುದು. ಮೂರು ಸಲ! ಉಪಕರಣಗಳ ಚಿತ್ರವೂ ಬೇಕು, ಆದರೆ ಚಿತ್ರ ಬರೆಯಲು ಬರಲ್ಲ. ರಿಬೋ ಮನೆಯಲ್ಲಿ ಮಾಸ್ಕರಿಯೇ ಅಂತ ಫ್ರಾನ್ಸಿನಿಂದ ಓಡಿಬಂದ ಕಲಾವಿದನೊಬ್ಬ ಬಾಡಿಗೆಗಿದ್ದ. ಅವನ ಬೂಟು ಉಜ್ಜಿ, ಕೋಣೆ ಗುಡಿಸಿ, ಅದಕ್ಕೆ ಬದಲಾಗಿ ದೂರ ಹತ್ತಿರ ತೋರಿಸಿ ಚಿತ್ರ ಬರೆಯುವುದನ್ನು ಕಲಿತ. ಕೊನೆಗೆ ಎಲ್ಲವನ್ನೂ ತಾನೇ ಬೈಂಡ್ ಮಾಡಿದ, ನಾಲ್ಕು ಸಂಪುಟ.

ಇಲ್ಲಿಯವರೆಗೆ ಎಷ್ಟು ಕೈ ಬಂದವು ಲೆಕ್ಕ ಹಾಕಿ. ಓದಲು ಬಿಟ್ಟ ಮಾಲೀಕ, ಶಿಲ್ಲಿಂಗ್ ಕೊಟ್ಟ ಅಣ್ಣ, ಚಿತ್ರ ಕಲಿಸಿದ ನಿರಾಶ್ರಿತ, ಹೆಸರಿಲ್ಲದೆ ಪುಸ್ತಕ ಬರೆದ ಹೆಂಗಸು. ಇನ್ನು ಮುಂದೆ ಬರೋದು ಶುದ್ಧ ಅದೃಷ್ಟ. ಅಂಗಡಿಯ ಗಿರಾಕಿ ವಿಲಿಯಂ ಡ್ಯಾನ್ಸ್ 1812ರಲ್ಲಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟ. ಗ್ಯಾಲರಿಯಲ್ಲಿ ಗಡಿಯಾರದ ಮೇಲ್ಗಡೆ ಕೂತು ಕೇಳಿದ, ಅದೇ ಕ್ರಮದಲ್ಲಿ ನೋಟ್ಸ್ ಮಾಡಿದ. ವಿಜ್ಞಾನದ ಯಾವುದಾದರೂ ಚಿಕ್ಕ ಕೆಲಸ ಕೊಡಿ ಅಂತ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರ ಬರೆದರೆ ಉತ್ತರವೇ ಬರಲಿಲ್ಲ. ಕೊನೆಗೆ ಬೈಂಡ್ ಮಾಡಿದ ನೋಟ್ಸನ್ನೇ ಡೇವಿಗೆ ಕಳಿಸಿದ. ಡೇವಿ ಮೆಚ್ಚಿದ, ಆದರೆ ಕೆಲಸ ಖಾಲಿ ಇರಲಿಲ್ಲ. ಸ್ವಲ್ಪ ದಿನಕ್ಕೆ ಪ್ರಯೋಗಾಲಯದ ಸಹಾಯಕ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡ. 1813ರ ಮಾರ್ಚ್‌ನಲ್ಲಿ ಆ ಜಾಗಕ್ಕೆ ಫ್ಯಾರಡೆ. ವಾರಕ್ಕೆ ಇಪ್ಪತ್ತೈದು ಶಿಲ್ಲಿಂಗ್, ಮಹಡಿಯ ಮೇಲೆ ಎರಡು ಕೋಣೆ. ಆ ಜಗಳ ನಡೆಯದೇ ಹೋಗಿದ್ದರೆ? ಲಂಡನ್ನಿನಲ್ಲಿ ಆಗ ಬೈಂಡಿಂಗ್ ಕಲಿಯುತ್ತಿದ್ದ ಹುಡುಗರು ಇನ್ನೂ ಎಷ್ಟೋ ಜನ ಇದ್ದರು.

ಆ ವರ್ಷದ ಕೊನೆಗೆ ಡೇವಿ ದಂಪತಿ ಯೂರೋಪ್ ಪ್ರವಾಸಕ್ಕೆ ಹೊರಟರು. ಡೇವಿಯ ಆಳು ಬರಲ್ಲ ಅಂದದ್ದರಿಂದ ಆ ಕೆಲಸವೂ ಫ್ಯಾರಡೆಯ ತಲೆಗೆ ಬಿತ್ತು. ಡೇವಿಯ ಹೆಂಡತಿ ಅವನನ್ನು ಆಳಿನ ಹಾಗೇ ನಡೆಸಿಕೊಂಡಳು. ವಾಪಸ್ ಹೋಗಿಬಿಡೋಣ ಅನ್ನುವಷ್ಟು ಬೇಜಾರಾಗಿತ್ತು. ಆದರೂ ಒಂದೂವರೆ ವರ್ಷದಲ್ಲಿ ಪ್ಯಾರಿಸಿನಲ್ಲಿ ಆಂಪಿಯರ್‌ನನ್ನು, ಮಿಲಾನಿನಲ್ಲಿ ಮುದುಕ ವೋಲ್ಟಾನನ್ನು ನೋಡಿದ. ಫ್ರೆಂಚ್, ಇಟಾಲಿಯನ್ ತಾನೇ ಕಲಿತ. ಒಂದು ಪದ ಗೊತ್ತಿಲ್ಲದ ಊರಿನಲ್ಲಿ ಅಂಗಡಿಗೆ ಹೋಗಿ ನಿಲ್ಲುವುದು ಅಂದರೇನು ಅಂತ ಅವನಿಗೆ ಗೊತ್ತಿತ್ತು.

ಲಂಡನ್ನಿಗೆ ಮರಳಿದ ಮೇಲೆ ನಡೆದದ್ದನ್ನು ನಮ್ಮ ಹುಡುಗ ಹುಡುಗಿಯರು ಗಮನಿಸಬೇಕು. ಪ್ರಯೋಗಾಲಯದ ಕೆಲಸ ಸಿಕ್ಕಿದೆ, ಪ್ರಬಂಧಗಳು ಅಚ್ಚಾಗುತ್ತಿವೆ. ಆದರೂ ತನ್ನ ಭಾಷೆ ಸರಿಯಿಲ್ಲ ಅಂತ ಅವನಿಗೆ ಗೊತ್ತು. ವ್ಯಾಕರಣ ತಪ್ಪು, ಕಾಗುಣಿತ ತಪ್ಪು, ಪೂರ್ಣವಿರಾಮ ಎಲ್ಲಿ ಹಾಕಬೇಕೋ ತಿಳಿಯಲ್ಲ. ಟೇಟಮ್ ಮನೆಯ ಉಪನ್ಯಾಸಗಳಲ್ಲಿ ಪರಿಚಯವಾಗಿದ್ದ ಎಡ್ವರ್ಡ್ ಮಗ್ರಾತ್ ಅನ್ನುವ ಗೆಳೆಯ ಮತ್ತು ಇವನು ಸೇರಿ ಒಂದು ಗುಂಪು ಕಟ್ಟಿದರು. ಐದಾರು ಜನ. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಅಟ್ಟದ ಕೋಣೆಯಲ್ಲೋ, ಮಗ್ರಾತ್ ಕೆಲಸ ಮಾಡುತ್ತಿದ್ದ ಗೋದಾಮಿನಲ್ಲೋ ಸಂಜೆ ಸೇರುವುದು, ಗಟ್ಟಿಯಾಗಿ ಓದುವುದು, ಒಬ್ಬರ ತಪ್ಪನ್ನು ಇನ್ನೊಬ್ಬರು ಮುಲಾಜಿಲ್ಲದೆ ತಿದ್ದುವುದು. ಹಲವು ವರ್ಷ ನಡೆಯಿತು ಇದು. ಜೊತೆಗೆ ಬೆಂಜಮಿನ್ ಸ್ಮಾರ್ಟ್ ಅನ್ನುವವರ ಹತ್ತಿರ ದುಡ್ಡು ಕೊಟ್ಟು ಭಾಷಣಕಲೆ ಕಲಿತ. ಮುಂದೆ ಲಂಡನ್ನೇ ಮೆಚ್ಚಿದ ಉಪನ್ಯಾಸಕಾರನಾದ ಮೇಲೂ, ತಾನು ವೇಗವಾಗಿ ಮಾತಾಡತೊಡಗಿದರೆ ಎದುರಿಗೆ ಇಡಲು 'ನಿಧಾನ' ಅಂತ ಬರೆದ ಕಾರ್ಡೊಂದನ್ನು ಮಾಡಿಸಿಟ್ಟಿದ್ದ.

ತನ್ನದೇ ಮಾತೃಭಾಷೆ ಕಲಿಯಲು ಇಷ್ಟೆಲ್ಲ. ಹಾಗಂತ ನಾನು ನಮ್ಮ ಹುಡುಗಿಯ ಕಷ್ಟವೂ ಅವನ ಕಷ್ಟವೂ ಒಂದೇ ಅನ್ನಲ್ಲ. ಅವನು ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಇಂಗ್ಲಿಷೇ ಕೇಳಿ ಬೆಳೆದವನು. ಅವಳಿಗೆ ಭಾಷೆಯೂ ಹೊಸತು, ಆ ಭಾಷೆಯೊಳಗಿನ ವಿಜ್ಞಾನದ ಭಾಷೆಯೂ ಹೊಸತು. ಅವಳ ಮೇಲೆ ಎರಡು ಮೂಟೆ. ಆದರೆ ಎರಡನೇ ಮೂಟೆ ಅವನ ಮೇಲೂ ಇತ್ತಲ್ಲ, ನಾನು ತೋರಿಸಬೇಕೆಂದಿರುವುದು ಅದನ್ನು. ಸ್ಪೋಕನ್ ಇಂಗ್ಲಿಷ್ ಕೋಚಿಂಗಿಗೆ ಹೋದರೆ ಮೊದಲ ಮೂಟೆ ಸ್ವಲ್ಪ ಹಗುರಾಗಬಹುದು. ಎರಡನೆಯದು ಇದ್ದಲ್ಲೇ ಇರುತ್ತದೆ. ಹೋಟೆಲಿನಲ್ಲಿ ಇಂಗ್ಲಿಷಿನಲ್ಲಿ ಕಾಫಿ ಆರ್ಡರ್ ಮಾಡಲು ಬರುವವರೂ ಆ ಪ್ರಯೋಗದ ಪ್ಯಾರಾ ಮುಂದೆ ತಡವರಿಸುತ್ತಾರೆ. ಆ ಗದ್ಯದಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲ ತಾನಾಗೇ ನಡೆಯುತ್ತೆ. ಮುಳ್ಳು ತಿರುಗಿತು ಅನ್ನುವ ಬದಲು ಮುಳ್ಳಿನಲ್ಲಿ ತಿರುಗುವಿಕೆಯೊಂದು ಗಮನಿಸಲ್ಪಟ್ಟಿತು ಅನ್ನುವ ಹಾಗಿರುತ್ತೆ. ಕ್ರಿಯಾಪದಗಳನ್ನೆಲ್ಲ ಹಿಡಿದು ನಾಮಪದ ಮಾಡಿ ಒಂದೇ ವಾಕ್ಯದಲ್ಲಿ ಗಂಟು ಕಟ್ಟಿರುತ್ತಾರೆ. ಗಂಟು ಬಿಚ್ಚಿ, ಯಾರು, ಏನನ್ನು, ಯಾವುದರೊಳಗೆ ನೂಕಿದರು ಅಂತ ಕೇಳಿಕೊಂಡರೆ ಒಳಗಿರೋದು ಗೊತ್ತಿರುವ ವಿಷಯವೇ.

1831ಕ್ಕೆ ಬರೋಣ. ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿ, ಒಂದು ಕಡೆ ಬ್ಯಾಟರಿ ಜೋಡಿಸಿದಾಗ ಇನ್ನೊಂದು ಕಡೆಯ ಮುಳ್ಳು ಒಂದು ಕ್ಷಣ ಅಲ್ಲಾಡಿತು. ಅಕ್ಟೋಬರ್ 17ರಂದು ಬ್ಯಾಟರಿಯೂ ಇಲ್ಲದೆ, ಸುರುಳಿಯೊಳಕ್ಕೆ ಅಯಸ್ಕಾಂತ ನೂಕಿದರೆ ಸಾಕು, ಕರೆಂಟು ಹರಿಯುತ್ತದೆ ಅಂತ ಕಂಡುಕೊಂಡ. ನಮ್ಮ ಶರಾವತಿಯ ಜನರೇಟರುಗಳೂ ತಿರುಗುವುದು ಅದೇ ತತ್ವದ ಮೇಲೆ. ಈ ಸಂಶೋಧನೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಬೇಗ ದಾಟುತ್ತೇನೆ. ಅವನ ದಿನಚರಿಯ ಬಗ್ಗೆ ಮಾತ್ರ ಒಂದು ಮಾತು. ಪ್ರಯೋಗ ಮಾಡಿದ ದಿನವೇ ಕಂಡದ್ದನ್ನು ಬರೆದು, 1832ರಿಂದ ಒಂದೊಂದು ಟಿಪ್ಪಣಿಗೂ ನಂಬರ್ ಹಾಕುತ್ತಾ ಹೋದ. ಕೊನೆಯ ನಂಬರ್ 16,041.

ಕಂಡದ್ದಕ್ಕೆ ಹೆಸರಿಡುವಾಗ ಅವನು ಮತ್ತೆ ತಡವರಿಸಿದ. ದ್ರಾವಣದಲ್ಲಿ ವಿದ್ಯುತ್ ಹರಿಸಿ ಅದನ್ನು ಒಡೆಯುವ ಪ್ರಯೋಗಗಳ ಬಗ್ಗೆ ಬರೆಯಬೇಕು, ಇದ್ದ ಪದಗಳು ದಾರಿ ತಪ್ಪಿಸುತ್ತಿದ್ದವು. ಗ್ರೀಕ್ ಬಾರದವನಿಗೆ ಹೊಸ ಪದ ಕಟ್ಟಲು ಆಗದು. ಪೂರ್ವ, ಪಶ್ಚಿಮ ಅನ್ನುವ ಸಾದಾ ಇಂಗ್ಲಿಷ್ ಪದಗಳಿಗೇ ಗ್ರೀಕ್ ಬಾಲ ಅಂಟಿಸಿ ಈಸ್ಟೋಡ್, ವೆಸ್ಟೋಡ್ ಅಂತಲೂ ಯೋಚಿಸಿದ. ಕೊನೆಗೆ 1834ರಲ್ಲಿ ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯುವೆಲ್‌ಗೆ ಪತ್ರ ಬರೆದು ಕೇಳಿದ. ಹ್ಯುವೆಲ್ ಕೊಟ್ಟ ಪದಗಳೇ ಆನೋಡ್, ಕ್ಯಾಥೋಡ್, ಅಯಾನ್.

ಅರ್ಥ ಏನು? ಆನೋಡ್ ಅಂದರೆ ಏರುವ ದಾರಿ, ಕ್ಯಾಥೋಡ್ ಅಂದರೆ ಇಳಿಯುವ ದಾರಿ, ಅಯಾನ್ ಅಂದರೆ ಹೋಗುವಂಥದ್ದು. ಭೂಮಿಯ ಕಾಂತತ್ವವನ್ನು ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಕರೆಂಟು ಅಂತ ಕಲ್ಪಿಸಿಕೊಂಡು, ತನ್ನ ಪಾತ್ರೆಯನ್ನೂ ಅದೇ ದಿಕ್ಕಿಗೆ ಇಟ್ಟ ಹಾಗೆ ಫ್ಯಾರಡೆ ಯೋಚಿಸಿದ್ದ. ಕರೆಂಟು ಒಳಬರುವ ಕಡೆ ಸೂರ್ಯ ಏರುವ ಕಡೆ, ಹೊರಹೋಗುವ ಕಡೆ ಸೂರ್ಯ ಇಳಿಯುವ ಕಡೆ. ಇದನ್ನು ಹೇಳುತ್ತಿದ್ದಾಗ ಆ ಹುಡುಗಿ ಮಧ್ಯೆ ಬಾಯಿ ಹಾಕಿ, ಹಾಗಾದರೆ ಮೂಡಲು, ಪಡುವಲು ಅಂತಾನೇ ತಾನೆ ಮೇಡಂ ಅಂದಳು. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಸೂರ್ಯ ಮೂಡುವ ಕಡೆ ಮೂಡಲು, ಪಡುವ ಕಡೆ ಪಡುವಲು. ಅವರಜ್ಜಿ ಹೊಲದ ಗಡಿ ಹೇಳುವುದೇ ಹಾಗಂತೆ. ನಮ್ಮ ಕನ್ನಡ ಪಠ್ಯದಲ್ಲಿ ಇದಕ್ಕೆ ಧನಾಗ್ರ, ಋಣಾಗ್ರ ಅನ್ನುತ್ತಾರೆ. ಆನೋಡ್ ಎಷ್ಟು ದೂರವೋ ಧನಾಗ್ರವೂ ಹೈಸ್ಕೂಲು ಮಕ್ಕಳಿಗೆ ಅಷ್ಟೇ ದೂರ. ಕನ್ನಡದಲ್ಲಿ ವಿಜ್ಞಾನ ಬರಬೇಕು ಅನ್ನುವ ನಾವು ಇದನ್ನೂ ಒಪ್ಪಿಕೊಳ್ಳಬೇಕು.

ಗಣಿತದ ಭಾಷೆಯಂತೂ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಆಂಪಿಯರ್‌ನ ಸಮೀಕರಣಗಳನ್ನು ಹಿಂಬಾಲಿಸಲು ತನಗೆ ಆಗುವುದಿಲ್ಲ ಅಂತ ಆತನಿಗೇ ಬರೆದಿದ್ದ. ಕಾಗದದ ಮೇಲೆ ಕಬ್ಬಿಣದ ಅರಪುಡಿ ಉದುರಿಸಿ, ಅಯಸ್ಕಾಂತದ ಸುತ್ತ ಅದು ಕಟ್ಟಿಕೊಳ್ಳುವ ಗೆರೆಗಳನ್ನು ನೋಡುತ್ತಾ ಯೋಚಿಸುವವನು ಅವನು. ಆ ಗೆರೆಗಳನ್ನು ಗಣಿತಕ್ಕೆ ತಂದದ್ದು ಅವನಿಗಿಂತ ನಲವತ್ತು ವರ್ಷ ಚಿಕ್ಕವನಾದ ಮ್ಯಾಕ್ಸ್‌ವೆಲ್. 1857ರಲ್ಲಿ ಅರವತ್ತಾರರ ಫ್ಯಾರಡೆ ಇಪ್ಪತ್ತಾರರ ಮ್ಯಾಕ್ಸ್‌ವೆಲ್‌ಗೆ ಒಂದು ಪತ್ರ ಬರೆದ. ಗಣಿತದವರು ಒಂದು ತೀರ್ಮಾನಕ್ಕೆ ಬಂದ ಮೇಲೆ ಅದನ್ನು ಸೂತ್ರದಷ್ಟೇ ಪೂರ್ಣವಾಗಿ, ಸ್ಪಷ್ಟವಾಗಿ ಸಾದಾ ಮಾತಿನಲ್ಲೂ ಹೇಳಲು ಸಾಧ್ಯವಿಲ್ಲವೇ, ಹಾಗೆ ಹೇಳಿದರೆ ನನ್ನಂಥವರು ಅದನ್ನು ಹಿಡಿದು ಪ್ರಯೋಗ ಮಾಡಬಹುದಲ್ಲ ಅಂತ ಕೇಳಿದ. ಯೂರೋಪಿನ ಅತಿ ದೊಡ್ಡ ಪ್ರಯೋಗಶೀಲ ವಿಜ್ಞಾನಿ, ನನಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳು ಅಂತ ಕಿರಿಯನಿಗೆ ಬರೆಯುತ್ತಾನೆ. ನಮ್ಮ ಕ್ಲಾಸುಗಳಲ್ಲಿ ಅರ್ಥವಾಯಿತಾ ಅಂತ ಕೇಳಿದರೆ ಅರವತ್ತು ತಲೆ ಒಟ್ಟಿಗೆ ಹೂಂಗುಟ್ಟುತ್ತವೆ.

ತಾನು ಪಡೆದದ್ದನ್ನು ತಿರುಗಿ ಕೊಟ್ಟನೇ? ಕೊಟ್ಟ. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ನಡೆಯುವ ಉಪನ್ಯಾಸಮಾಲೆಯನ್ನು 1827ರಿಂದ 1860ರ ನಡುವೆ ಹತ್ತೊಂಬತ್ತು ಸಲ ತಾನೇ ನಡೆಸಿದ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ಮೇಣದಬತ್ತಿಯದ್ದು. ಒಂದು ಬತ್ತಿ ಹಚ್ಚಿಟ್ಟು, ಅದರಿಂದಲೇ ದಹನ, ನೀರು, ಗಾಳಿ, ಕೊನೆಗೆ ನಮ್ಮ ಉಸಿರಾಟದ ತನಕ ಹೋಗುತ್ತಾನೆ. ಮೊದಲು ವಸ್ತು, ಆಮೇಲೆ ಪದ. ಅದು 1861ರಲ್ಲಿ ಪುಸ್ತಕವಾಯಿತು. 1862ರಲ್ಲಿ ಇಂಗ್ಲೆಂಡಿನ ಶ್ರೀಮಂತರ ಶಾಲೆಗಳ ಬಗ್ಗೆ ನಡೆದ ವಿಚಾರಣೆಯಲ್ಲಿ ಸಾಕ್ಷಿ ಹೇಳಿ, ಗ್ರೀಕ್, ಲ್ಯಾಟಿನ್ ಅರೆದು ಕುಡಿದ ದೊಡ್ಡವರ ಮಕ್ಕಳಿಗೆ ಸುತ್ತಲ ಪ್ರಕೃತಿಯ ಬಗ್ಗೆ ಏನೇನೂ ತಿಳಿದಿಲ್ಲ ಅಂತ ದೂರಿದ.

ಒಂದು ಕೊರತೆಯನ್ನೂ ಹೇಳಬೇಕು. ಇಷ್ಟೊಂದು ಜನರ ಕೈ ಹಿಡಿದು ಮೇಲೆ ಬಂದವನು ತನ್ನ ಪ್ರಯೋಗಾಲಯದಲ್ಲಿ ಇನ್ನೊಬ್ಬ ಫ್ಯಾರಡೆಯನ್ನು ಬೆಳೆಸಲಿಲ್ಲ. ಸಹಾಯಕನಾಗಿದ್ದವನು ಆಂಡರ್ಸನ್ ಅನ್ನುವ ಮಾಜಿ ಸೈನಿಕ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಶಿಷ್ಯರಿಲ್ಲ. ನೋಟ್ಸ್ ಬೈಂಡ್ ಮಾಡಿಕೊಂಡು ಬಂದ ಯಾವ ಹುಡುಗನಿಗೂ ಒಳಗೆ ಜಾಗ ಸಿಕ್ಕಲಿಲ್ಲ. ಅವನನ್ನು ಎಷ್ಟು ಇಷ್ಟಪಟ್ಟರೂ ನನಗೆ ಇದು ಸಮಾಧಾನವಿಲ್ಲ.

ನಮ್ಮಲ್ಲಿ ಮಾಧ್ಯಮದ ಜಗಳ ಶುರುವಾಗಿ ಎಷ್ಟು ಕಾಲವಾಯಿತು. ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವ ಹಾಗಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲು ಸರ್ಕಾರವೇ ಹೊರಟಿತು. ನಾವು ಪರ ವಿರೋಧ ಪೋಸ್ಟ್ ಹಾಕಿಕೊಂಡು ಕಿತ್ತಾಡಿದೆವು. ನಾನೂ ಹಾಕಿದ್ದೇನೆ, ಈಗಲೂ ನಾನು ಕನ್ನಡ ಮಾಧ್ಯಮದ ಪರವೇ. ಆದರೆ ಹತ್ತನೇ ಕ್ಲಾಸಿನ ಕನ್ನಡದಿಂದ ಪಿಯುವಿನ ಇಂಗ್ಲಿಷಿಗೆ ದಾಟುವ ಆ ಎರಡು ವರ್ಷದ ಸೇತುವೆಯ ಬಗ್ಗೆ ಎರಡೂ ಕಡೆಯವರು ಮಾತಾಡಿದ್ದು ಕಡಿಮೆ. ಇಂಗ್ಲಿಷ್ ಮೇಡಂ ಅದು ಸೈನ್ಸಿನವರ ಕೆಲಸ ಅನ್ನುತ್ತಾರೆ, ನಾವು ಸೈನ್ಸಿನವರು ಅದು ಇಂಗ್ಲಿಷಿನವರ ಕೆಲಸ ಅನ್ನುತ್ತೇವೆ. ಸಿಲಬಸ್ ಮುಗಿಸುವ ಓಟದಲ್ಲಿ ಪುಸ್ತಕ ಓದಿಸುವುದನ್ನೇ ಬಿಟ್ಟು ನೋಟ್ಸ್ ಡಿಕ್ಟೇಟ್ ಮಾಡುತ್ತೇವೆ. ಮಕ್ಕಳು ಆ ನೋಟ್ಸ್ ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಡಿಕ್ಟೇಟ್ ಮಾಡುವವರಿಲ್ಲದೆ ಬೀಳುತ್ತಾರೆ. ಹೊಲ ಅಡವಿಟ್ಟು ಕಳಿಸಿದ ಮನೆಗಳಲ್ಲಿ ಆ ಸೋಲಿನ ಬೆಲೆ ಏನು ಅಂತ ನಿಮಗೆ ಹೇಳಬೇಕಿಲ್ಲ.

ಅವತ್ತು ನಾನು ಟಿಸಿ ಅರ್ಜಿಯನ್ನು ಹರಿಯಲಿಲ್ಲ, ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ ಅಂದೆ. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಏಳು ಜನ ಸೇರತೊಡಗಿದೆವು. ಮೊದಲು ಪ್ರಯೋಗ ಮಾಡುವುದು, ಇಲ್ಲದಿದ್ದರೆ ಕನಿಷ್ಠ ಚಿತ್ರ ಬರೆಯುವುದು. ಆಮೇಲೆ ಒಂದೇ ಪ್ಯಾರಾ. ಒಬ್ಬರು ಓದಬೇಕು, ಉಳಿದವರು ಅದರಲ್ಲಿ ಯಾರು ಏನು ಮಾಡಿದರು ಅಂತ ಕನ್ನಡದಲ್ಲಿ ಹೇಳಬೇಕು, ಬೈದಾಡಿಕೊಳ್ಳಬೇಕು, ಆಮೇಲೆ ಪುಸ್ತಕ ಮುಚ್ಚಿ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆಯಬೇಕು. ಮೊದಲ ವಾರ ಒಂದು ಪ್ಯಾರಾಗೆ ಒಂದು ಗಂಟೆ ಹಿಡಿಯಿತು. ಮೂರನೇ ವಾರ ಒಬ್ಬ ಹುಡುಗ ಬರುವುದು ಬಿಟ್ಟ, ಇದರಿಂದ ಸಿಇಟಿ ಮಾರ್ಕ್ಸ್ ಬರಲ್ಲ ಅಂತ ಅವನ ಮನೆಯಲ್ಲಿ ಹೇಳಿದರಂತೆ. ಅವನ ತಪ್ಪಲ್ಲ.

ಫ್ಯಾರಡೆಯ ಕೊನೆಯ ವರ್ಷಗಳು ದುಃಖದವು. ನಲವತ್ತರ ನಂತರ ಕೈಕೊಡತೊಡಗಿದ್ದ ನೆನಪು ಪೂರ್ತಿ ಮಸುಕಾಯಿತು. ನೈಟ್ ಪದವಿ ಬೇಡ ಅಂದ, ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯನ್ನೂ ಬೇಡ ಅಂದ. ರಾಣಿ ಕೊಟ್ಟ ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ. ಅದಕ್ಕೆ ಒಂಬತ್ತು ವರ್ಷ ಮೊದಲು ಜೇನ್ ಮಾರ್ಸೆಟ್ ತೀರಿಕೊಂಡಾಗ, ಜಿನೀವಾದ ಗೆಳೆಯನೊಬ್ಬ ಆಕೆಯ ಬಗ್ಗೆ ವಿಚಾರಿಸಿ ಬರೆದಿದ್ದ. ನೆನಪು ಕೈಕೊಡುತ್ತಿದ್ದ ಆ ದಿನಗಳಲ್ಲೂ, ಬೈಂಡಿಂಗ್ ಅಂಗಡಿಯಲ್ಲಿ ಆ ಪುಸ್ತಕ ಕೈಗೆ ಸಿಕ್ಕಿದ್ದು, ಚಿಕ್ಕ ಪ್ರಯೋಗ ಮಾಡಿ ಅದನ್ನು ಪರೀಕ್ಷಿಸಿದ್ದು, ಅರ್ಥವಾಯಿತು ಅಂತ ಗೊತ್ತಾದಾಗ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡದ್ದು, ಎಲ್ಲವನ್ನೂ ಅವನು ಆ ಗೆಳೆಯನಿಗೆ ಬರೆದು ತಿಳಿಸಿದ.

ಹುಡುಗಿ ತನ್ನ ಅರ್ಜಿಯನ್ನು ಸೆಪ್ಟೆಂಬರಿನಲ್ಲಿ ವಾಪಸ್ ಕೇಳಿ ತಗೊಂಡಳು. ಅದರ ಹಿಂಬದಿ ಖಾಲಿಯಿತ್ತು. ಮುಂದಿನ ಶನಿವಾರದ ಪ್ಯಾರಾಗೆ ಚಿತ್ರ ಬರೆಯಲು ಅದನ್ನೇ ಬಳಸಿದಳು.